ಪ್ರೋಗ್ರಾಮರ್, ಡೆವಲಪರ್, ಎಂಜಿನಿಯರ್: ಹೆಸರು ಬದಲಾದರೆ ಕೆಲಸವೂ ಬದಲಾಯಿತಾ?

ಪ್ರಶ್ನೆ: ಸರ್, ನಾನು ಕೆಲಸಕ್ಕೆ ಸೇರಿದಾಗ ನನ್ನ ಹುದ್ದೆ ‘ಪ್ರೋಗ್ರಾಮರ್’. ಕಂಪನಿ ಬದಲಾಯಿಸಿದಾಗ ‘ಸಾಫ್ಟ್‌ವೇರ್ ಡೆವಲಪರ್’ ಆದೆ, ಆಮೇಲೆ ‘ಸೀನಿಯರ್ ಸಾಫ್ಟ್‌ವೇರ್ ಎಂಜಿನಿಯರ್’. ಹೋದ ತಿಂಗಳು ಎಚ್‌ಆರ್ ಕಡೆಯಿಂದ ಮೇಲ್ ಬಂತು. ಇನ್ನು ಮುಂದೆ ನಾವೆಲ್ಲ ‘ಪ್ರಾಡಕ್ಟ್ ಎಂಜಿನಿಯರ್’ಗಳಂತೆ. ಸಂಬಳ ಅಷ್ಟೇ ಇದೆ, ಕೂರುವ ಜಾಗವೂ ಅದೇ. ಆದರೆ ಕೋಡ್ ಬರೆಯುವುದು ಕಡಿಮೆಯಾಗಿ, ಎಐ ಬರೆದ ಕೋಡ್ ಓದುವುದು ಜಾಸ್ತಿಯಾಗಿದೆ. ಈ ಹೆಸರುಗಳ ನಡುವೆ ನಿಜವಾಗಿ ಏನಾದರೂ ವ್ಯತ್ಯಾಸ ಇದೆಯಾ? ಪ್ರೋಗ್ರಾಮರ್ ಅನ್ನುವ ಕೆಲಸವೇ ಹೋಗುತ್ತಿದೆ ಅನ್ನುತ್ತಾರೆ, ಹೌದಾ? ರೆಸ್ಯೂಮೆಯಲ್ಲಿ ಏನಂತ ಬರೆದುಕೊಳ್ಳಲಿ?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಈ ಹೆಸರುಗಳ ನಡುವೆ ಎಲ್ಲರೂ ಒಪ್ಪಿದ ಗೆರೆ ಅಂತ ಯಾವುದೂ ಇಲ್ಲ. ಒಂದು ಕಂಪನಿಯಲ್ಲಿ ಡೆವಲಪರ್ ಮಾಡುವ ಕೆಲಸವನ್ನೇ ಪಕ್ಕದ ಕಂಪನಿಯಲ್ಲಿ ಎಂಜಿನಿಯರ್ ಮಾಡುತ್ತಾರೆ. ಹಾಗಂತ ಹೆಸರು ಸುಮ್ನೆ ಬದಲಾಗುವುದೂ ಇಲ್ಲ. ಈ ಕಸುಬಿನಲ್ಲಿ ಹೊಸ ಹೆಸರು ಬಂದಾಗಲೆಲ್ಲ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣ ಇರುತ್ತದೆ. ಒಂದೋ ಇನ್ಯಾರದೋ ಕೆಲಸ ನಿಮ್ಮ ತಲೆಗೆ ಬಂದಿರುತ್ತದೆ, ಇಲ್ಲವೇ ಯಾರಿಗೋ ಮರ್ಯಾದೆ ಬೇಕಾಗಿರುತ್ತದೆ. ನಿಮಗೆ ಬಂದ ಮೇಲ್‌ನ ಹಿಂದೆ ಯಾವುದಿದೆ ಅಂತ ನೀವು ಪತ್ತೆ ಮಾಡಿಕೊಳ್ಳಬೇಕು. ಅದಕ್ಕೆ ಸ್ವಲ್ಪ ಹಳೇ ಕಥೆ ಗೊತ್ತಿದ್ದರೆ ಒಳ್ಳೆಯದು.

ಕಂಪ್ಯೂಟರ್ ಅನ್ನುವುದು ಮೊದಲು ಮನುಷ್ಯರ ಹುದ್ದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ, ಹಾರಿಸಿದ ಫಿರಂಗಿ ಗುಂಡು ಎಲ್ಲಿ ಹೋಗಿ ಬೀಳುತ್ತದೆ ಅಂತ ಲೆಕ್ಕ ಹಾಕಲು ಹೆಣ್ಣುಮಕ್ಕಳ ದೊಡ್ಡ ತಂಡವೇ ಇತ್ತು. ಅವರನ್ನು ಕರೆಯುತ್ತಿದ್ದದ್ದು ಕಂಪ್ಯೂಟರ್ ಅಂತ. ಎನಿಯಾಕ್ ಅನ್ನುವ ಮೊದಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಯಂತ್ರ ತಯಾರಾದಾಗ ಆ ತಂಡದಿಂದ ಆರು ಮಂದಿಯನ್ನು ಆರಿಸಿದರು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್ ಮತ್ತು ರೂತ್ ಲಿಕ್ಟರ್‌ಮನ್. ಅವರಿಗೆ ಕಲಿಯಲು ಕೈಪಿಡಿ ಇರಲಿಲ್ಲ. ಪ್ರೋಗ್ರಾಮಿಂಗ್ ಭಾಷೆ ಅನ್ನುವುದೇ ಇನ್ನೂ ಹುಟ್ಟಿರಲಿಲ್ಲ. ಯಂತ್ರದ ನಕ್ಷೆಗಳನ್ನು ಹರಡಿಕೊಂಡು ಕೂತು, ಯಾವ ಕೇಬಲ್ ಎಲ್ಲಿಗೆ ಚುಚ್ಚಬೇಕು, ಯಾವ ಸ್ವಿಚ್ ಎಷ್ಟಕ್ಕೆ ತಿರುಗಿಸಬೇಕು ಅಂತ ತಾವೇ ಕಂಡುಕೊಂಡರು. ಸುಮಾರು 18,000 ವ್ಯಾಕ್ಯೂಮ್ ಟ್ಯೂಬ್‌ಗಳಿದ್ದ ಯಂತ್ರ ಅದು. ಲೆಕ್ಕ ತಪ್ಪಿ ಬಂದರೆ ಕೆಟ್ಟಿರುವ ಟ್ಯೂಬ್ ಯಾವುದು ಅಂತ ಹುಡುಕಿ ಹೇಳುವಷ್ಟು ಅದರ ಒಳಗು ಅವರಿಗೆ ಗೊತ್ತಾಗಿತ್ತು. 1946ರ ಫೆಬ್ರವರಿಯಲ್ಲಿ ಎನಿಯಾಕ್ ಅನ್ನು ಜಗತ್ತಿಗೆ ತೋರಿಸಿದಾಗ ಹೆಸರು ಬಂದದ್ದು ಮಾತ್ರ ಯಂತ್ರ ಕಟ್ಟಿದವರಿಗೆ. ಕೇಬಲ್ ಚುಚ್ಚುವುದು ಗುಮಾಸ್ತಗಿರಿ ಅಂತಲೇ ಆಗಿನವರ ಲೆಕ್ಕ.

ಈ ಲೆಕ್ಕವನ್ನು ಅಚ್ಚುಕಟ್ಟಾಗಿ ಕಾಗದಕ್ಕೆ ಇಳಿಸಿದವರು ಗಣಿತಜ್ಞರಾದ ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ವಾನ್ ನಾಯ್ಮನ್. 1947-48ರಲ್ಲಿ ಬಂದ ಅವರ ವರದಿಗಳ ತಲೆಬರಹದಲ್ಲೇ ಎರಡು ಕೆಲಸ ಬೇರೆ ಬೇರೆಯಾಗಿ ಕಾಣುತ್ತವೆ: ಯೋಜನೆ ಮತ್ತು ಕೋಡಿಂಗ್. ಗಣಿತ ಬಲ್ಲವರು ಸಮಸ್ಯೆಯನ್ನು ಬಿಡಿಸಿ ಫ್ಲೋ ಚಾರ್ಟ್ ಬರೆಯಬೇಕು. ಅದನ್ನು ಯಂತ್ರದ ಸಂಕೇತಕ್ಕೆ ಇಳಿಸುವುದು ಕೊನೆಯ, ಹೆಚ್ಚು ಕಡಿಮೆ ಯಾಂತ್ರಿಕವಾದ ಹಂತ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಇದು ಯಾವ ಕಾಲದಲ್ಲೂ ಸರಿಯಾಗಿ ನಡೆಯಲಿಲ್ಲ.

ಯಾಕೆ ಅಂತ ಒಂದು ಚಿಕ್ಕ ಉದಾಹರಣೆಯಲ್ಲಿ ನೋಡಿ. ಚಂದಾದಾರರಿಗೆ ತಿಂಗಳ ಬಿಲ್ ಮಾಡುವ ಪ್ರೋಗ್ರಾಂ ಬೇಕು. ಮೇಲಿನವರು ಬರೆದುಕೊಟ್ಟದ್ದು ಒಂದೇ ಸಾಲು: ‘ಗ್ರಾಹಕರು ಸೇರಿದ ತಾರೀಖಿನಂದು ಪ್ರತಿ ತಿಂಗಳು ಬಿಲ್ ಆಗಬೇಕು.’ ಓದಿದರೆ ಎಲ್ಲ ಸ್ಪಷ್ಟವಾಗಿದೆ ಅಲ್ವಾ? ಕೋಡ್ ಬರೆಯಲು ಕೂತವರಿಗೆ ಮಾತ್ರ ಕಾಣುತ್ತದೆ, ಒಬ್ಬರು ಜನವರಿ 31ಕ್ಕೆ ಸೇರಿದ್ದಾರೆ. ಫೆಬ್ರವರಿಯಲ್ಲಿ ಏನು ಮಾಡುವುದು? 28ಕ್ಕೆ ಬಿಲ್ ಮಾಡಬೇಕಾ, ಮಾರ್ಚ್ 1ಕ್ಕಾ? 28ಕ್ಕೆ ಮಾಡಿದರೆ ಮಾರ್ಚ್‌ನಲ್ಲಿ ಮತ್ತೆ 31ಕ್ಕೆ ಹೋಗಬೇಕಾ, 28ರಲ್ಲೇ ಉಳಿಯಬೇಕಾ? ಗ್ರಾಹಕ ಇರುವ ದೇಶದಲ್ಲಿ 31 ಮುಗಿದು 1 ಆಗಿದೆ, ಸರ್ವರ್ ಇರುವಲ್ಲಿ ಇನ್ನೂ 31ರ ಸಂಜೆ. ಯಾರ ತಾರೀಖು ಹಿಡಿಯುವುದು? ಇದರಲ್ಲಿ ಒಂದೂ ಯೋಜನೆಯಲ್ಲಿ ಇರಲಿಲ್ಲ. ಕೇಳಲು ಆ ಕಡೆ ಯಾರೂ ಇಲ್ಲದಿದ್ದರೆ ಬರೆಯುವವರೇ ತೀರ್ಮಾನ ಮಾಡುತ್ತಾರೆ. ಅಂದರೆ ‘ಬರೀ ಕೋಡಿಂಗ್’ ಅಂದುಕೊಂಡ ಹಂತದಲ್ಲೇ ಅರ್ಧಕ್ಕರ್ಧ ತೀರ್ಮಾನಗಳು ಆಗಿಹೋಗುತ್ತವೆ. ನಿಮ್ಮ ಮೂರೂ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ, ಆದ್ದರಿಂದ ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

1950 ಮತ್ತು 60ರ ದಶಕಗಳಲ್ಲಿ ದೊಡ್ಡ ಸಂಸ್ಥೆಗಳ ಡೇಟಾ ಪ್ರೊಸೆಸಿಂಗ್ ವಿಭಾಗಗಳು ಈ ವಿಂಗಡಣೆಯನ್ನು ಅಕ್ಷರಶಃ ಪಾಲಿಸಲು ನೋಡಿದವು. ಸಿಸ್ಟಮ್ಸ್ ಅನಲಿಸ್ಟ್ ಏನು ಬೇಕು ಅಂತ ಬರೆಯುತ್ತಿದ್ದರು. ಪ್ರೋಗ್ರಾಮರ್ ಅದರ ತರ್ಕ ಬಿಡಿಸುತ್ತಿದ್ದರು. ಕೆಲವು ಕಡೆ ಅದನ್ನು ಮನೆ ಮನೆಯಾಗಿ ಗೆರೆ ಹಾಕಿದ ಕೋಡಿಂಗ್ ಶೀಟಿನ ಮೇಲೆ ಬರೆಯಲು ಬೇರೆ ಕೋಡರ್ ಇರುತ್ತಿದ್ದರು. ಅದನ್ನು ಕಾರ್ಡಿಗೆ ತೂತು ಹೊಡೆಯುವುದು ಕೀಪಂಚ್ ಆಪರೇಟರ್ ಕೆಲಸ. ಕಾರ್ಡಿನ ಕಟ್ಟನ್ನು ಯಂತ್ರಕ್ಕೆ ಕೊಡುವುದು ಕಂಪ್ಯೂಟರ್ ಆಪರೇಟರ್ ಕೆಲಸ. ಯಂತ್ರ ಇರುವ ಕೋಣೆಗೆ ಪ್ರೋಗ್ರಾಮರಿಗೇ ಪ್ರವೇಶ ಇಲ್ಲದ ಸಂಸ್ಥೆಗಳೂ ಇದ್ದವು. ಒಂದು ಅಲ್ಪವಿರಾಮ ತಪ್ಪಿದ್ದರೆ ಗೊತ್ತಾಗುತ್ತಿದ್ದದ್ದು ಅಚ್ಚಾದ ಕಾಗದ ಕೈಗೆ ಬಂದಾಗ, ಎಷ್ಟೋ ಗಂಟೆ ಆದ ಮೇಲೆ. ಆಮೇಲೆ ಪ್ರೋಗ್ರಾಮರ್ ಮೇಜಿನ ಮೇಲೇ ಟರ್ಮಿನಲ್ ಬಂತು. ನಡುವಿನ ಹುದ್ದೆಗಳು ಒಂದೊಂದಾಗಿ ಕರಗಿದವು. ಕೋಡರ್ ಮೊದಲೇ ಹೋಗಿದ್ದರು, ಕೀಪಂಚ್ ಆಪರೇಟರ್ ಆಮೇಲೆ ಹೋದರು. ಅನಲಿಸ್ಟ್ ಮತ್ತು ಪ್ರೋಗ್ರಾಮರ್ ಸೇರಿ ‘ಪ್ರೋಗ್ರಾಮರ್ ಅನಲಿಸ್ಟ್’ ಅಂತ ಒಂದೇ ಹುದ್ದೆ ಆಯಿತು.

‘ಇನ್ನು ಪ್ರೋಗ್ರಾಮರ್ ಬೇಡ’ ಅನ್ನುವ ಮಾತೂ ಆಗಿನದೇ. 1952ರಲ್ಲಿ ಗ್ರೇಸ್ ಹಾಪರ್ ಎ-0 ಅನ್ನುವ ಕಂಪೈಲರ್ (ಬರೆದದ್ದನ್ನು ತಾನೇ ಯಂತ್ರಸಂಕೇತಕ್ಕೆ ಇಳಿಸುವ ಪ್ರೋಗ್ರಾಂ) ಮಾಡಿದಾಗ ಇಂಥ ಕೆಲಸವನ್ನು ‘ಆಟೊಮ್ಯಾಟಿಕ್ ಪ್ರೋಗ್ರಾಮಿಂಗ್’ ಅಂತಲೇ ಕರೆಯುತ್ತಿದ್ದರು. ಐಬಿಎಂನಲ್ಲಿ ಜಾನ್ ಬ್ಯಾಕಸ್ ತಂಡ 1954ರಲ್ಲಿ ಫೋರ್ಟ್ರಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಬರೆದ ಮೊದಲ ವರದಿಯಲ್ಲಿ, ಇದರಿಂದ ಕೋಡಿಂಗ್ ಮತ್ತು ಡೀಬಗಿಂಗ್ (ತಪ್ಪು ಹುಡುಕಿ ತಿದ್ದುವುದು) ಹೆಚ್ಚು ಕಡಿಮೆ ಇಲ್ಲವಾಗಿಬಿಡುತ್ತದೆ ಅನ್ನುವ ಅರ್ಥದ ಸಾಲು ಇದೆ. ಡೀಬಗಿಂಗ್ ಇಲ್ಲವಾಗುತ್ತದಂತೆ! 1957ರಲ್ಲಿ ಫೋರ್ಟ್ರಾನ್ ಬಂತು. ಅದು ನಿಜಕ್ಕೂ ದೊಡ್ಡ ಸಾಧನೆ. ಹತ್ತಾರು ಸಾಲಿನ ಯಂತ್ರಸಂಕೇತದ ಜಾಗದಲ್ಲಿ ಒಂದು ಸೂತ್ರ ಬರೆದರೆ ಸಾಕಾಯಿತು. ಆದರೆ ಪ್ರೋಗ್ರಾಮರ್‌ಗಳ ಸಂಖ್ಯೆ ಇಳಿಯಲಿಲ್ಲ, ಏರಿತು. ಬರೆಯುವ ಖರ್ಚು ಇಳಿದ ಕೂಡಲೇ, ಮೊದಲು ಯಾರೂ ಕೈಹಾಕದ ಕೆಲಸಗಳನ್ನೆಲ್ಲ ಕಂಪ್ಯೂಟರಿಗೆ ಹಚ್ಚಲು ಶುರು ಮಾಡಿದರು. ವ್ಯಾಪಾರಸ್ಥರ ಲೆಕ್ಕಕ್ಕೆ ಅಂತ ಕೋಬಾಲ್ ಬಂದಾಗಲೂ ಅದೇ ಆಯಿತು. ಇಂಗ್ಲಿಷಿನಂತೆ ಓದಿಸಿಕೊಳ್ಳುವ ಭಾಷೆ, ಇನ್ನು ಮ್ಯಾನೇಜರ್‌ಗಳೇ ಪ್ರೋಗ್ರಾಂ ಓದಿ ಅರ್ಥ ಮಾಡಿಕೊಳ್ಳಬಹುದು ಅಂತ ಆಸೆ ಇತ್ತು. ಕೊನೆಗೆ ಅದರಿಂದ ಹುಟ್ಟಿದ್ದು ಕೋಬಾಲ್ ಪ್ರೋಗ್ರಾಮರ್ ಅನ್ನುವ ಇನ್ನೊಂದು ಹುದ್ದೆ.

ಹಿಂದೆ ಹೀಗಾಯಿತು, ಆದ್ದರಿಂದ ಈಗಲೂ ಹೀಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅದರ ಮಾತು ಮುಂದೆ ಬರುತ್ತದೆ.

ಈಗ ಮರ್ಯಾದೆಯ ವಿಷಯಕ್ಕೆ ಬರೋಣ. ಎಡ್ಸ್‌ಖರ್ ಡೈಕ್‌ಸ್ಟ್ರಾ ಅನ್ನುವ ಡಚ್ ವಿಜ್ಞಾನಿಯ ಹೆಸರು ಕೇಳಿರುತ್ತೀರಿ, ಕಡಿಮೆ ದೂರದ ದಾರಿ ಹುಡುಕುವ ಅಲ್ಗಾರಿದಂ ಅವರದ್ದೇ. ಅವರು 1957ರಲ್ಲಿ ಮದುವೆಯಾದಾಗ ಕಾಗದಪತ್ರದಲ್ಲಿ ಉದ್ಯೋಗ ‘ಪ್ರೋಗ್ರಾಮರ್’ ಅಂತ ಬರೆದರು. ಅಂಥದ್ದೊಂದು ಉದ್ಯೋಗವೇ ಇಲ್ಲ ಅಂತ ಆಮ್‌ಸ್ಟರ್‌ಡಾಮ್‌ನ ಅಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ ‘ಸೈದ್ಧಾಂತಿಕ ಭೌತವಿಜ್ಞಾನಿ’ ಅಂತ ಬರೆಯಬೇಕಾಯಿತು. 1972ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಅವರೇ ಇದನ್ನು ಹೇಳಿದ್ದಾರೆ. ಕಸುಬು ಹೊಸದು, ಒಪ್ಪುವವರಿಲ್ಲ, ಹಾಗಾಗಿ ಬೇರೆ ಕಸುಬಿನ ಹೆಸರನ್ನು ಕಡ ತರುವುದು. ಸಾಫ್ಟ್‌ವೇರ್ ಎಂಜಿನಿಯರ್ ಅನ್ನುವ ಹೆಸರಿನ ಕಥೆಯೂ ಹೆಚ್ಚು ಬೇರೆಯಲ್ಲ. ಅಪೊಲೊ ನೌಕೆಯ ಸಾಫ್ಟ್‌ವೇರ್ ತಂಡ ನಡೆಸಿದ ಮಾರ್ಗರೆಟ್ ಹ್ಯಾಮಿಲ್ಟನ್, ತಮ್ಮ ಕೆಲಸಕ್ಕೆ ಯಂತ್ರ ಕಟ್ಟುವವರ ಕೆಲಸದಷ್ಟೇ ಗೌರವ ಸಿಗಲಿ ಅಂತ ಆ ಮಾತನ್ನು ಬಳಸುತ್ತಿದ್ದರು. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೊ ಒಂದು ಸಮ್ಮೇಳನ ನಡೆಸಿತು. ಪ್ರಾಜೆಕ್ಟುಗಳು ತಡವಾಗುತ್ತಿದ್ದವು, ಖರ್ಚು ಮಿತಿ ಮೀರುತ್ತಿತ್ತು, ಮಾಡಿದ್ದು ಕೆಟ್ಟು ನಿಲ್ಲುತ್ತಿತ್ತು. ಅದಕ್ಕೇ ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಅನ್ನುವ ತಲೆಬರಹವನ್ನು ಬೇಕಂತಲೇ ಕೆಣಕುವ ಹಾಗೆ ಇಟ್ಟಿದ್ದೇವೆ ಅಂತ ಸಮ್ಮೇಳನದ ವರದಿಯಲ್ಲಿ ಬರೆದಿದ್ದಾರೆ. ಸೇತುವೆ ಕಟ್ಟುವವರಿಗೆ ಇರುವ ಶಿಸ್ತು ನಮಗೂ ಬರಬೇಕು ಅನ್ನುವುದು ಅದರ ಹಿಂದಿನ ಆಸೆ. ಆಸೆ ಇನ್ನೂ ಪೂರ್ತಿ ಈಡೇರಿಲ್ಲ, ಹೆಸರು ಮಾತ್ರ ಎಲ್ಲರ ಐಡಿ ಕಾರ್ಡಿನಲ್ಲೂ ಕೂತಿದೆ.

ಹಾಗಂತ ಎಲ್ಲ ಕಡೆಯೂ ಈ ಹೆಸರು ಪುಕ್ಕಟೆ ಸಿಗುವುದಿಲ್ಲ. ಕೆನಡಾದಲ್ಲಿ ಎಂಜಿನಿಯರ್ ಅನ್ನುವುದು ಕಾನೂನಿನ ರಕ್ಷಣೆ ಇರುವ ಹೆಸರು, ಪರವಾನಗಿ ಬೇಕು. ಅಲ್ಬರ್ಟಾ ಪ್ರಾಂತ್ಯದಲ್ಲಿ ಎಂಜಿನಿಯರ್‌ಗಳ ಸಂಘ ಒಂದು ಸಾಫ್ಟ್‌ವೇರ್ ಕಂಪನಿಯನ್ನು ಇದೇ ವಿಷಯಕ್ಕೆ ಕೋರ್ಟಿಗೆ ಎಳೆಯಿತು. 2023ರಲ್ಲಿ ತೀರ್ಪು ಸಂಘದ ವಿರುದ್ಧ ಬಂತು. ಪ್ರಾಂತ್ಯದ ಸರ್ಕಾರವೂ ಕಾನೂನು ತಿದ್ದಿ ಸಾಫ್ಟ್‌ವೇರ್ ಎಂಜಿನಿಯರ್ ಅನ್ನುವ ಹೆಸರಿಗೆ ದಾರಿ ಬಿಟ್ಟಿತು. ಅಮೆರಿಕದಲ್ಲಿ ಸಾಫ್ಟ್‌ವೇರಿನವರಿಗೂ ಪರವಾನಗಿ ಪರೀಕ್ಷೆ ಇರಲಿ ಅಂತ 2013ರಲ್ಲಿ ಒಂದು ಪರೀಕ್ಷೆ ಶುರು ಮಾಡಿದರು. ಬರೆಯುವವರು ತೀರಾ ಕಡಿಮೆ ಇದ್ದದ್ದರಿಂದ 2019ರಲ್ಲಿ ನಿಲ್ಲಿಸಿದರು. ಕೆನಡಾದಂಥ ಕಡೆ ಕೆಲಸ ಹುಡುಕುವ ಯೋಚನೆ ಇದ್ದರೆ ಅಲ್ಲಿನ ನಿಯಮ ನೋಡಿಕೊಳ್ಳಿ. ಅಂಥ ಕಡೆಗಳಲ್ಲಿ ಕಂಪನಿಗಳೇ ಡೆವಲಪರ್ ಅಂತ ಬರೆಯುವುದಕ್ಕೆ ಇದೂ ಒಂದು ಕಾರಣ.

ಬರೀ ಫ್ಯಾಷನ್ ಆಗಿ ಬಂದು ಹೋದ ಹೆಸರುಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 90ರ ದಶಕದಲ್ಲಿ ವೆಬ್‌ಮಾಸ್ಟರ್ ಅಂದರೆ ದೊಡ್ಡ ವಿಷಯ, ಇವತ್ತು ಆ ಹೆಸರಲ್ಲಿ ಕೆಲಸಕ್ಕೆ ಕರೆಯುವವರು ಅಪರೂಪ. ನಿಂಜಾ, ರಾಕ್‌ಸ್ಟಾರ್ ಅಂತೆಲ್ಲ ಜಾಹೀರಾತು ಕೊಡುತ್ತಿದ್ದರು, ದೇವರ ದಯೆ, ಅದು ತಣ್ಣಗಾಗಿದೆ. ನನಗೆ ಇಷ್ಟವಾದ ಹೆಸರು ಒಂದಿದೆ: ‘ಮೆಂಬರ್ ಆಫ್ ಟೆಕ್ನಿಕಲ್ ಸ್ಟಾಫ್’. ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಮಾಡಿದ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಅವರ ಹುದ್ದೆಯ ಹೆಸರು ಇಷ್ಟೇ. ಈಗ ಕೆಲವು ಎಐ ಕಂಪನಿಗಳು ಅದನ್ನೇ ಮತ್ತೆ ತಂದಿವೆ.

ಸೀನಿಯರ್, ಸ್ಟಾಫ್, ಪ್ರಿನ್ಸಿಪಲ್ ಅನ್ನುವ ಮೆಟ್ಟಿಲುಗಳ ವಿಷಯ ಬೇರೆ. ಮ್ಯಾನೇಜರ್ ಆಗದೆಯೂ ಸಂಬಳ ಏರಲಿ, ಒಳ್ಳೆಯ ತಂತ್ರಜ್ಞರು ಕೆಲಸ ಬಿಟ್ಟು ಹೋಗದಿರಲಿ ಅಂತ ಮಾಡಿದ ವ್ಯವಸ್ಥೆ ಅದು. ಉದ್ದೇಶ ಒಳ್ಳೆಯದೇ. ಆದರೆ ಸಂಬಳ ಏರಿಸಲು ಆಗದ ಕಂಪನಿಗಳು ಬರೀ ಹೆಸರು ಏರಿಸಿದವು. ಕಾಲೇಜು ಮುಗಿಸಿ ಮೂರೇ ವರ್ಷಕ್ಕೆ ಸೀನಿಯರ್ ಆದವರು ಇದ್ದಾರೆ, ಹತ್ತು ವರ್ಷವಾದರೂ ಆಗದವರೂ ಇದ್ದಾರೆ. ಸಂದರ್ಶನಕ್ಕೆ ಕೂತವರು ಇದನ್ನು ಚೆನ್ನಾಗಿ ಬಲ್ಲರು. ಹಾಗಾಗಿ ನಿಮ್ಮ ‘ಸೀನಿಯರ್’ ಅನ್ನುವ ಪದ ಒಂದೇ ಅವರ ಮೇಲೆ ಅಷ್ಟೇನೂ ಪರಿಣಾಮ ಮಾಡುವುದಿಲ್ಲ.

ಇನ್ನು ನಿಜವಾಗಿ ಕೆಲಸ ಬದಲಾಯಿಸಿದ ಹೆಸರುಗಳು. ಕಳೆದ ಇಪ್ಪತ್ತು ವರ್ಷದಲ್ಲಿ ಆದದ್ದು ಮುಖ್ಯವಾಗಿ ಒಂದೇ. ಬೇರೆಯವರು ಮಾಡುತ್ತಿದ್ದ ಕೆಲಸಗಳು ಕೋಡ್ ಬರೆಯುವವರ ಮಡಿಲಿಗೆ ಬಂದು ಬಿದ್ದವು. ಮೊದಲು ಪ್ರೋಗ್ರಾಮರ್ ಕೋಡ್ ಬರೆದು ಟೆಸ್ಟಿಂಗ್ ತಂಡಕ್ಕೆ ಕೊಡುತ್ತಿದ್ದರು. ಅವರು ಪಾಸ್ ಮಾಡಿದರೆ ಆಪರೇಷನ್ಸ್ ತಂಡ ಸರ್ವರಿಗೆ ಹಾಕುತ್ತಿತ್ತು. ರಾತ್ರಿ ಸರ್ವರ್ ಬಿದ್ದರೆ ಎದ್ದು ಕೂರುತ್ತಿದ್ದವರು ಆಪರೇಷನ್ಸ್‌ನವರು, ಬರೆದವರು ಹೊದ್ದು ಮಲಗಿರುತ್ತಿದ್ದರು. 2006ರಲ್ಲಿ ಅಮೆಜಾನ್‌ನ ತಂತ್ರಜ್ಞಾನ ಮುಖ್ಯಸ್ಥ ವರ್ನರ್ ವೋಗೆಲ್ಸ್ ಒಂದು ಸಂದರ್ಶನದಲ್ಲಿ, ಕಟ್ಟಿದವರೇ ಅದನ್ನು ನಡೆಸಲೂ ಬೇಕು ಅನ್ನುವುದು ತಮ್ಮಲ್ಲಿನ ಪದ್ಧತಿ ಅಂದರು. ಗೂಗಲ್‌ನಲ್ಲಿ ಅಷ್ಟರಲ್ಲಾಗಲೇ, 2003ರಲ್ಲಿ, ‘ಸೈಟ್ ರಿಲಯಬಿಲಿಟಿ ಎಂಜಿನಿಯರ್’ ಅನ್ನುವ ತಂಡ ಶುರುವಾಗಿತ್ತು: ಸರ್ವರ್ ನೋಡಿಕೊಳ್ಳುವ ಕೆಲಸವನ್ನು ಪ್ರೋಗ್ರಾಂ ಬರೆಯಬಲ್ಲವರ ಕೈಗೇ ಕೊಡುವುದು. 2009ರಲ್ಲಿ ಬೆಲ್ಜಿಯಂನ ಗೆಂಟ್‌ನಲ್ಲಿ ಪ್ಯಾಟ್ರಿಕ್ ಡೆಬುವಾ ನಡೆಸಿದ ಸಭೆಯಿಂದ ‘ಡೆವ್‌ಆಪ್ಸ್’ ಅನ್ನುವ ಹೆಸರು ಹರಡಿತು. ತಮಾಷೆ ನೋಡಿ, ಡೆವಲಪರ್‌ಗೂ ಆಪರೇಷನ್ಸ್‌ಗೂ ನಡುವಿನ ಗೋಡೆ ಬೀಳಲಿ ಅಂತ ಹುಟ್ಟಿದ್ದು ಅದು. ಕಂಪನಿಗಳು ‘ಡೆವ್‌ಆಪ್ಸ್ ಎಂಜಿನಿಯರ್’ ಅಂತ ಹೊಸ ಹುದ್ದೆ ಮಾಡಿ ಆ ಗೋಡೆಯನ್ನು ಇನ್ನೊಂದು ಕಡೆ ಎಬ್ಬಿಸಿದವು.

ಟೆಸ್ಟಿಂಗ್ ಕೂಡ ಹೀಗೇ ಬಂತು. ಮೈಕ್ರೋಸಾಫ್ಟ್‌ನಲ್ಲಿ ಪರೀಕ್ಷೆಯ ಕೋಡ್ ಬರೆಯುವವರಿಗೆ ಅಂತಲೇ ಪ್ರತ್ಯೇಕ ಹುದ್ದೆ ಬಹಳ ಕಾಲ ಇತ್ತು. 2014ರ ಹೊತ್ತಿಗೆ ಅದನ್ನು ಹೆಚ್ಚಿನ ತಂಡಗಳಲ್ಲಿ ಎಂಜಿನಿಯರ್ ಹುದ್ದೆಯೊಳಗೇ ಸೇರಿಸಿಬಿಟ್ಟರು. ನಿಮ್ಮ ಟೆಸ್ಟ್ ನೀವೇ ಬರೆಯಿರಿ ಅಂತ. ‘ಫುಲ್ ಸ್ಟ್ಯಾಕ್’ ಅಂದರೂ ಇಂಥದ್ದೇ. ಪರದೆ ಬರೆಯುವವರು, ಡೇಟಾಬೇಸ್ ನೋಡುವವರು ಅಂತ ಇಬ್ಬರು ಯಾಕೆ, ಒಬ್ಬರೇ ಮಾಡಲಿ. ಇದರಲ್ಲಿ ಒಳ್ಳೆಯದೂ ಇದೆ. ತಾನು ಬರೆದದ್ದು ನಡುರಾತ್ರಿ ತನ್ನನ್ನೇ ಎಬ್ಬಿಸುತ್ತದೆ ಅಂತ ಗೊತ್ತಿದ್ದರೆ ಎಂಥವರೂ ಎಚ್ಚರದಿಂದ ಬರೆಯುತ್ತಾರೆ. ಆದರೆ ಮೂರು ಜನರ ಕೆಲಸ ಒಬ್ಬರಿಗೆ ಬಂದಾಗ ಮೂವರ ಸಂಬಳ ಬರಲಿಲ್ಲ ಅನ್ನುವುದೂ ನಿಜ.

ಈಗ ನಿಮ್ಮ ಎರಡನೇ ಪ್ರಶ್ನೆ. ಪ್ರೋಗ್ರಾಮರ್ ಕೆಲಸ ಹೋಗುತ್ತಿದೆಯಾ? ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆ ‘ಕಂಪ್ಯೂಟರ್ ಪ್ರೋಗ್ರಾಮರ್’ ಮತ್ತು ‘ಸಾಫ್ಟ್‌ವೇರ್ ಡೆವಲಪರ್’ ಇಬ್ಬರನ್ನೂ ಬೇರೆ ಬೇರೆ ಎಣಿಸುತ್ತದೆ. 2023ರಿಂದ 2033ರ ವರೆಗಿನ ಅದರ ಅಂದಾಜಿನಲ್ಲಿ ಪ್ರೋಗ್ರಾಮರ್ ಕೆಲಸ ಶೇ 10ರಷ್ಟು ಇಳಿಯುತ್ತದೆ. ಡೆವಲಪರ್, ಟೆಸ್ಟರ್ ಮೊದಲಾದವರ ಗುಂಪು ಶೇ 17ರಷ್ಟು ಏರುತ್ತದೆ. ಮೊದಲ ಸಾಲು ಮಾತ್ರ ಓದಿ ‘ಪ್ರೋಗ್ರಾಮರ್‌ಗಳ ಕಾಲ ಮುಗಿಯಿತು’ ಅಂತ ತಲೆಬರಹ ಕೊಡುವವರಿದ್ದಾರೆ. ಇಲಾಖೆಯ ವಿಂಗಡಣೆ ನೋಡಿದರೆ ಗುಟ್ಟು ತಿಳಿಯುತ್ತದೆ. ಅದರ ಲೆಕ್ಕದಲ್ಲಿ ಪ್ರೋಗ್ರಾಮರ್ ಅಂದರೆ ಕೋಡ್ ಬರೆದು, ತಿದ್ದಿ, ಪರೀಕ್ಷೆ ಮಾಡುವವರು. ಡೆವಲಪರ್ ಅಂದರೆ ಸಾಫ್ಟ್‌ವೇರ್ ಹೇಗಿರಬೇಕು ಅಂತ ರೂಪಿಸುವವರು. 1947ರ ಅದೇ ವಿಂಗಡಣೆ! ಬೇರೆಯವರು ತೀರ್ಮಾನ ಮಾಡಿದ್ದನ್ನು ಬರೆದುಕೊಡುವ ಹುದ್ದೆ ವರ್ಷಗಳಿಂದ ಸವೆಯುತ್ತಲೇ ಇದೆ. ಎಐ ಬರುವ ಮೊದಲೂ ಸವೆಯುತ್ತಿತ್ತು. ಅದೇ ಜನರಲ್ಲಿ ಎಷ್ಟೋ ಮಂದಿ ಹೊಸ ಹೆಸರಲ್ಲಿ ಎರಡನೇ ಗುಂಪಿನಲ್ಲಿ ಎಣಿಕೆಯಾಗುತ್ತಿದ್ದಾರೆ.

ಎಐ ಈ ಸವೆತವನ್ನು ಜೋರು ಮಾಡಿದೆ. 2021ರಲ್ಲಿ ಕೋಡ್ ಬರೆದುಕೊಡುವ ಎಐ ಸಾಧನ ಗಿಟ್‌ಹಬ್ ಕೋಪೈಲಟ್ ಪ್ರಯೋಗಕ್ಕೆ ಬಂತು, 2022ರ ಕೊನೆಗೆ ಚಾಟ್‌ಜಿಪಿಟಿ. 2025ರ ಫೆಬ್ರವರಿಯಲ್ಲಿ ಎಐ ಸಂಶೋಧಕ ಆಂಡ್ರೆ ಕಾರ್ಪಥಿ, ಕೋಡ್ ಕಡೆ ನೋಡದೆ ಮಾತಲ್ಲೇ ಹೇಳಿ ಮಾಡಿಸಿಕೊಳ್ಳುವುದಕ್ಕೆ ‘ವೈಬ್ ಕೋಡಿಂಗ್’ ಅಂತ ಹೆಸರಿಟ್ಟರು. ವಾರಾಂತ್ಯದಲ್ಲಿ ಸುಮ್ನೆ ಮಾಡಿ ನೋಡುವ ಪ್ರಯೋಗಗಳ ಬಗ್ಗೆ ಅವರು ಹೇಳಿದ ಮಾತು ಅದು. ಅದನ್ನು ಬ್ಯಾಂಕಿನ ವ್ಯವಸ್ಥೆಗೂ ಹಚ್ಚಲು ಹೊರಟವರನ್ನು ಕಂಡರೆ ನನಗೆ ಭಯವಾಗುತ್ತದೆ.

ಭಯ ಯಾಕೆ ಅಂತ ಹತ್ತಿರದಿಂದ ತೋರಿಸುತ್ತೇನೆ. ಹಣ ಪಾವತಿ ಮಾಡುವ ಒಂದು ಸೇವೆ ಇದೆ ಅಂದುಕೊಳ್ಳಿ. ಆಗಾಗ ಉತ್ತರ ಬರುವುದು ತಡವಾಗಿ ಪಾವತಿ ವಿಫಲವಾಗುತ್ತದೆ ಅಂತ ದೂರು. ನೀವು ಎಐಗೆ ಹೇಳುತ್ತೀರಿ: ವಿಫಲವಾದರೆ ಮೂರು ಸಲ ಮತ್ತೆ ಪ್ರಯತ್ನ ಮಾಡು. ಅದು ಚಂದವಾದ ಕೋಡ್ ಕೊಡುತ್ತದೆ. ಪ್ರತಿ ಸಲ ಕಾಯುವ ಹೊತ್ತು ಸ್ವಲ್ಪ ಸ್ವಲ್ಪ ಹೆಚ್ಚುತ್ತದೆ. ಲಾಗ್ ಇದೆ, ಕಾಮೆಂಟ್ ಇದೆ, ಟೆಸ್ಟ್ ಕೂಡ ಅದೇ ಬರೆದಿದೆ. ಎಲ್ಲ ಟೆಸ್ಟ್ ಪಾಸ್. ಈಗ ಒಂದು ಪ್ರಶ್ನೆ ಕೇಳಿಕೊಳ್ಳಿ. ಉತ್ತರ ಬರಲಿಲ್ಲ ಅಂದರೆ ಹಣ ಹೋಗಲಿಲ್ಲ ಅಂತ ಅರ್ಥವಾ? ಅಲ್ಲ. ಆ ಕಡೆ ಹಣ ಕಡಿತವಾಗಿ, ‘ಆಯಿತು’ ಅನ್ನುವ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಆಗ ಮತ್ತೆ ಪ್ರಯತ್ನಿಸಿದರೆ ಗ್ರಾಹಕರ ಹಣ ಎರಡು ಸಲ ಹೋಗುತ್ತದೆ. ಇದನ್ನು ತಡೆಯಲು ಪ್ರತಿ ಪಾವತಿಗೂ ಒಂದು ವಿಶಿಷ್ಟ ಗುರುತು ಕೊಡಬೇಕು. ಮತ್ತೆ ಪ್ರಯತ್ನಿಸುವಾಗಲೂ ಅದೇ ಗುರುತು ಕಳಿಸಬೇಕು. ಆ ಕಡೆಯವರು ಅದನ್ನು ನೋಡಿ ‘ಇದು ಆಗಲೇ ಆಗಿದೆ’ ಅಂತ ಗುರುತಿಸುವ ವ್ಯವಸ್ಥೆ ಇರಬೇಕು. ಗುರುತನ್ನು ಪ್ರಯತ್ನದ ಲೂಪಿನ (ಮತ್ತೆ ಮತ್ತೆ ನಡೆಯುವ ಭಾಗದ) ಹೊರಗೆ ಒಂದೇ ಸಲ ಹುಟ್ಟಿಸಬೇಕು. ಒಳಗೆ ಹುಟ್ಟಿಸಿದರೆ ಪ್ರತಿ ಸಲವೂ ಹೊಸ ಗುರುತು, ಇದ್ದೂ ಇಲ್ಲದ ಹಾಗೆ. ಬರೀ ಒಂದು ಸಾಲು ಎಲ್ಲಿ ಇರಬೇಕು ಅನ್ನುವ ವಿಷಯ.

ಒಳ್ಳೆಯ ಎಐ ಸಾಧನ ಇದನ್ನು ತಾನೇ ನೆನಪಿಸಲೂಬಹುದು, ಅನೇಕ ಸಲ ನೆನಪಿಸುತ್ತದೆ. ಆದರೆ ಆ ಕಡೆಯ ಸೇವೆ ಗುರುತನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ, ಮೂರೂ ಪ್ರಯತ್ನ ವಿಫಲವಾದರೆ ಗ್ರಾಹಕರಿಗೆ ಏನಂತ ತೋರಿಸುವುದು, ಎರಡು ಸಲ ಹೋದ ಹಣವನ್ನು ಯಾರು ವಾಪಸ್ ಮಾಡುವುದು ಅನ್ನುವುದು ನೀವು ಹೇಳದೆ ಅದಕ್ಕೆ ಗೊತ್ತಾಗುವುದಿಲ್ಲ. ಜನವರಿ 31ರ ಬಿಲ್ಲಿನ ಪ್ರಶ್ನೆಯೇ ಇದೂ. ವ್ಯತ್ಯಾಸ ಒಂದು ಇದೆ. ಮೊದಲು ಕೋಡ್ ಬರೆಯುತ್ತಾ ಬರೆಯುತ್ತಾ ಈ ಪ್ರಶ್ನೆಗಳು ತಾವಾಗಿ ಎದುರಾಗುತ್ತಿದ್ದವು, ಕೈ ನಿಲ್ಲುತ್ತಿತ್ತು. ಈಗ ಕೋಡ್ ತಯಾರಾಗಿಯೇ ಬರುತ್ತದೆ. ತೀರ್ಮಾನಗಳು ಅದರೊಳಗೆ ಸದ್ದಿಲ್ಲದೆ ಆಗಿಹೋಗಿರುತ್ತವೆ. ಹುಡುಕಿ ಹೊರಗೆ ತೆಗೆಯುವುದು ನಿಮ್ಮ ಕೆಲಸ. ‘ಎಐ ಬರೆದ ಕೋಡ್ ಓದುವುದು ಜಾಸ್ತಿಯಾಗಿದೆ’ ಅಂತ ನೀವು ಸ್ವಲ್ಪ ಬೇಸರದಲ್ಲೇ ಬರೆದಿದ್ದೀರಿ. ಬರೆಯುವುದಕ್ಕಿಂತ ಓದುವುದು ಕಷ್ಟ. ಬೇಸರ ಪಡುವುದಾದರೆ ಆ ಓದಿಗೆ ನಿಮ್ಮ ಕಂಪನಿ ಸಮಯ ಕೊಡುತ್ತಿಲ್ಲ ಅನ್ನುವುದಕ್ಕೆ ಪಡಿ.

ನನಗೆ ನಿಜವಾದ ಚಿಂತೆ ಇರುವುದು ಹೊಸಬರ ಬಗ್ಗೆ. ಸಣ್ಣ ಬಗ್ ಸರಿಪಡಿಸು, ಒಂದು ಫಾರ್ಮ್ ಮಾಡು, ಹಳೇ ಟೆಸ್ಟ್ ತಿದ್ದು ಅಂತ ಕೊಡುತ್ತಿದ್ದ ಕೆಲಸಗಳಲ್ಲೇ ಅವರು ಕಲಿಯುತ್ತಿದ್ದರು. ಅಂಥ ಕೆಲಸಗಳನ್ನು ಈಗ ಯಂತ್ರ ನಿಮಿಷಗಳಲ್ಲಿ ಮಾಡುತ್ತದೆ. ಎರಡು ಸಲ ಪಾವತಿಯಾಗುವ ಅಪಾಯವನ್ನು ಓದಿದ ಕೂಡಲೇ ಹಿಡಿಯಬೇಕಾದರೆ ಅಂಥ ತೊಂದರೆಗಳಲ್ಲಿ ಕೈ ಸುಟ್ಟುಕೊಂಡಿರಬೇಕು. ಕೈ ಸುಟ್ಟುಕೊಳ್ಳುವ ಜಾಗವನ್ನೇ ಮುಚ್ಚಿದರೆ ಮುಂದೆ ಓದಿ ತಪ್ಪು ಹಿಡಿಯುವವರು ಎಲ್ಲಿಂದ ಬರುತ್ತಾರೆ? ಇದಕ್ಕೆ ಕಂಪನಿಗಳ ಹತ್ತಿರ ಒಳ್ಳೆಯ ಉತ್ತರ ಇರುವುದು ನನಗೆ ಇನ್ನೂ ಕಂಡಿಲ್ಲ. ಫೋರ್ಟ್ರಾನ್ ಕಾಲದ ಕಥೆ ಹೇಳಿ ಎಲ್ಲ ತಾನಾಗಿ ಸರಿಹೋಗುತ್ತದೆ ಅನ್ನಲು ನಾನು ಹಿಂಜರಿಯುವುದು ಇದಕ್ಕೇ. ಕಂಪೈಲರ್ ಹೊಸಬರ ಕೆಲಸ ಸುಲಭ ಮಾಡಿತು. ಎಐ ಹೊಸಬರ ಬದಲಿಗೇ ಕೆಲಸ ಮಾಡುತ್ತಿದೆ. ನೀವು ಸೀನಿಯರ್. ನಿಮ್ಮ ತಂಡದಲ್ಲಿ ಹೊಸ ಹುಡುಗ ಹುಡುಗಿಯರಿದ್ದರೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಐ ಕೊಟ್ಟ ಕೋಡನ್ನು ಓದಿ. ಇದರಲ್ಲಿ ಏನು ಕೆಡಬಹುದು ಅಂತ ಅವರನ್ನೇ ಮೊದಲು ಕೇಳಿ.

ಇನ್ನು ನಿಮ್ಮ ಎಚ್‌ಆರ್ ಮೇಲ್. ‘ಪ್ರಾಡಕ್ಟ್ ಎಂಜಿನಿಯರ್’ ಅಂದರೆ ಇತ್ತೀಚೆಗೆ ಹಲವು ಕಂಪನಿಗಳು ಕೊಡುತ್ತಿರುವ ಅರ್ಥ ಹೀಗಿದೆ: ಏನು ಮಾಡಬೇಕು ಅಂತ ಬರೆದುಕೊಟ್ಟದ್ದನ್ನು ಮಾಡುವ ಬದಲು, ಗ್ರಾಹಕರ ಜೊತೆ ಮಾತಾಡಿ, ಏನು ಮಾಡಿದರೆ ಅವರಿಗೆ ಉಪಯೋಗ ಅಂತ ನೀವೇ ಕಂಡುಕೊಂಡು, ಮಾಡಿ, ಬಳಕೆಯಾಗುತ್ತಿದೆಯಾ ಅಂತಲೂ ನೋಡುವುದು. ಪ್ಯಾಲಂಟಿರ್ ಕಂಪನಿಯಿಂದ ಹರಡಿದ ‘ಫಾರ್ವರ್ಡ್ ಡಿಪ್ಲಾಯ್ಡ್ ಎಂಜಿನಿಯರ್’ ಇದರ ಇನ್ನೊಂದು ರೂಪ, ಗ್ರಾಹಕರ ಕಚೇರಿಯಲ್ಲೇ ಕೂತು ಮಾಡುವುದು. ಅಂದರೆ ಟೆಸ್ಟರ್, ಆಪರೇಷನ್ಸ್ ಆದ ಮೇಲೆ ಈಗ ಪ್ರಾಡಕ್ಟ್ ಮ್ಯಾನೇಜರ್ ಕೆಲಸದ ಒಂದು ಪಾಲು ನಿಮ್ಮ ಕಡೆ ಬರುತ್ತಿದೆ. ನಿಮ್ಮಲ್ಲೂ ಹಾಗೇನಾ ಅಂತ ತಿಳಿಯಲು ಮ್ಯಾನೇಜರ್ ಹತ್ತಿರ ಕೂತು ನೇರವಾಗಿ ಕೇಳಿ. ಗ್ರಾಹಕರ ಜೊತೆ ಮಾತಾಡಲು ನನಗೆ ಅವಕಾಶ ಇರುತ್ತದಾ? ಒಂದು ಕೆಲಸ ಬೇಡ ಅನ್ನಿಸಿದರೆ ಬೇಡ ಅನ್ನಬಹುದಾ? ವರ್ಷದ ಕೊನೆಗೆ ನನ್ನನ್ನು ಅಳೆಯುವ ಅಳತೆ ಬದಲಾಗಿದೆಯಾ? ಮೂರಕ್ಕೂ ‘ಇಲ್ಲ’ ಅಂತ ಬಂದರೆ ಬದಲಾದದ್ದು ಐಡಿ ಕಾರ್ಡ್ ಮಾತ್ರ. ಸುಮ್ನೆ ತೆಗೆದುಕೊಂಡು ನಿಮ್ಮ ಪಾಡಿಗೆ ಇರಿ. ‘ಹೌದು’ ಅಂತ ಬಂದರೆ ಹೊಣೆ ನಿಜಕ್ಕೂ ಹೆಚ್ಚಿದೆ. ಸಂಬಳದ ಮಾತು ಎತ್ತಲು ಅದೇ ಸರಿಯಾದ ಹೊತ್ತು. ಒಂದು ವರ್ಷ ಮಾಡಿ ತೋರಿಸಿ ಆಮೇಲೆ ಕೇಳುತ್ತೇನೆ ಅಂದುಕೊಂಡರೆ, ಹೊಸ ಹೊಣೆ ಆಗಲೇ ಹಳೆಯ ಸಂಬಳದೊಳಗೆ ಸೇರಿಹೋಗಿರುತ್ತದೆ.

ರೆಸ್ಯೂಮೆಯಲ್ಲಿ ಕಂಪನಿ ಕೊಟ್ಟ ಹೆಸರನ್ನು ಇದ್ದ ಹಾಗೇ ಬರೆಯಿರಿ. ಹಿನ್ನೆಲೆ ಪರಿಶೀಲನೆ ಮಾಡುವವರು ಅದನ್ನೇ ಹೋಲಿಸಿ ನೋಡುತ್ತಾರೆ, ನೀವಾಗಿ ಬದಲಾಯಿಸಿದರೆ ಸುಳ್ಳು ಅಂತಾಗುತ್ತದೆ. ಹೆಸರು ವಿಚಿತ್ರವಾಗಿದ್ದರೆ, ರೆಸ್ಯೂಮೆಯ ತಲೆಯಲ್ಲಿ ನಿಮ್ಮ ಹೆಸರಿನ ಕೆಳಗೆ ‘ಸಾಫ್ಟ್‌ವೇರ್ ಎಂಜಿನಿಯರ್, ಪಾವತಿ ವ್ಯವಸ್ಥೆಗಳು’ ಅನ್ನುವಂಥ ಒಂದು ಸಾಮಾನ್ಯ ಸಾಲು ಹಾಕಿ. ಹುಡುಕುವ ಯಂತ್ರಕ್ಕೂ ಅದು ಸಿಗುತ್ತದೆ, ಓದುವವರಿಗೂ ಅರ್ಥವಾಗುತ್ತದೆ. ಅದಕ್ಕಿಂತ ಮುಖ್ಯ, ಪ್ರತಿ ಕೆಲಸದ ಕೆಳಗೆ ಬರೆಯುವ ಸಾಲುಗಳು. ‘ಜಾವಾದಲ್ಲಿ ಮಾಡ್ಯೂಲ್‌ಗಳನ್ನು ಬರೆದಿದ್ದೇನೆ’ ಅನ್ನುವ ಸಾಲಿಗೆ ಈಗ ಬೆಲೆ ಕಡಿಮೆ. ‘ಎರಡು ಸಲ ಪಾವತಿಯಾಗುತ್ತಿದ್ದ ತೊಂದರೆಯ ಮೂಲ ಪತ್ತೆ ಮಾಡಿ, ಮರುಪ್ರಯತ್ನದ ವಿಧಾನವನ್ನು ಹೊಸದಾಗಿ ರೂಪಿಸಿ, ಅದನ್ನು ಜಾರಿಗೆ ತಂದು ನೋಡಿಕೊಂಡೆ’ ಅಂತ ಬರೆಯಿರಿ. ಇದರಲ್ಲಿ ನೀವು ಏನು ತೀರ್ಮಾನ ಮಾಡಿದಿರಿ, ಯಾವುದಕ್ಕೆ ಹೊಣೆ ಹೊತ್ತಿರಿ ಅನ್ನುವುದು ಕಾಣುತ್ತದೆ. ಎಐ ಬಳಸಿದ್ದನ್ನು ಮುಚ್ಚಿಡಬೇಡಿ, ಅದೇ ದೊಡ್ಡ ಸಾಧನೆ ಅಂತಲೂ ಬರೆಯಬೇಡಿ. ಸಂದರ್ಶನದಲ್ಲಿ ಕೇಳಿದರೆ, ಅದು ಕೊಟ್ಟ ಕೋಡನ್ನು ನೀವು ತಿರಸ್ಕರಿಸಿದ ಒಂದು ಪ್ರಸಂಗ ಕಾರಣದ ಸಮೇತ ಹೇಳುವಂತಿರಿ. ನಾನು ಸಂದರ್ಶನ ಮಾಡುವಾಗ ಕೇಳುವ ಮೊದಲ ಪ್ರಶ್ನೆಯೇ ಅದು.